ಟ್ಯಾಬ್‌ಗೆ ಬೇಕು ಇಪ್ಪತ್ತಾರು ಕೀಲಿ

ಕೋವಿಡ್‌ನ ಎರಡನೇ ಅಲೆ ಇನ್ನೂ ಪೂರ್ತಿ ಇಳಿಯದಿದ್ದ 2021ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಹೊರಟಿತು. ಹಾವೇರಿ ಜಿಲ್ಲೆಯ ಹಳ್ಳಿಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ಮಕ್ಕಳ ಕೈಗೂ ಅವು ಬಂದವು. ಮನೆಯ ಪಡಸಾಲೆಯಲ್ಲಿ, ಸಿಗ್ನಲ್ ಸಿಗುವ ಕಡೆ ಹುಡುಕಿ ಹೊಲದ ಬದುವಿನಲ್ಲಿ, ಗುಡಿಯ ಕಟ್ಟೆಯಲ್ಲಿ ಕೂತು ಪಾಠ ಕೇಳಿದ ಕಾಲ ಅದು. ತರಗತಿ ಮತ್ತೆ ಕಾಲೇಜಿಗೆ ಮರಳಿದ ಮೇಲೆ ಎಷ್ಟೋ ಮನೆಗಳಲ್ಲಿ ಟ್ಯಾಬ್ ಕಪಾಟು ಸೇರಿತು. ಕೆಲವು ಕಡೆ ತಮ್ಮ ತಂಗಿಯರ ಆಟದ ಸಾಮಾನಾಯಿತು.

ಕಾರಣ ಸರಳ. ನೋಡಲು, ಕೇಳಲು ಅದು ಒಳ್ಳೆಯ ಸಾಧನ. ಬರೆಯಲು ಕೂತರೆ ಕಷ್ಟ. ತೆರೆಯ ಮೇಲೆ ಮೂಡುವ ಕೀಲಿಗಳು ಅರ್ಧ ಪರದೆಯನ್ನು ನುಂಗುತ್ತವೆ. ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದು ಕೈಯ ಒಂದೇ ಬೆರಳಿನಲ್ಲಿ ಒತ್ತುತ್ತ ಹೋದರೆ ಎರಡು ಪ್ಯಾರಾ ಆಗುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ, ಬರೆಯಬೇಕೆಂದುಕೊಂಡದ್ದು ಮರೆತಿರುತ್ತದೆ. ಪರೀಕ್ಷೆಯ ಟಿಪ್ಪಣಿ, ಸೆಮಿನಾರಿನ ಪ್ರಬಂಧ, ಊರಿನ ಇತಿಹಾಸದ ಕಿರುಹೊತ್ತಿಗೆ ಯಾವುದೂ ಹೀಗೆ ಬರೆದು ಮುಗಿಯುವುದಿಲ್ಲ.

ಅದೇ ಟ್ಯಾಬ್‌ಗೆ ಒಂದು ಕೀಬೋರ್ಡ್ ಕವರ್ ಸೇರಿಸಿ ನೋಡಿ. ಪುಸ್ತಕದ ರಟ್ಟಿನಂತೆ ಮಡಚುವ ಹೊದಿಕೆ, ಒಳಗೆ ತೆಳುವಾದ ಕೀಲಿಗಳು, ಟ್ಯಾಬ್ ಓರೆಯಾಗಿ ನಿಲ್ಲಲು ಹಿಂದೊಂದು ಆಸರೆ. ತಂತಿ ಇಲ್ಲ, ಬ್ಲೂಟೂತ್ ಮೂಲಕ ಮಾತಾಡಿಕೊಳ್ಳುತ್ತದೆ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಎಂಟು ಇಂಚಿನ ಟ್ಯಾಬ್ ಮತ್ತು ಈ ಕವರ್ ಎರಡೂ ಸೇರಿದರೆ ಒಂದು ಕಿಲೋ ತೂಗುವುದಿಲ್ಲ. ಹೊಲದ ಕೆಲಸಕ್ಕೆ ಹೋಗುವವರ ಬುತ್ತಿಯ ಜತೆ ಚೀಲದಲ್ಲಿ ಹಿಡಿಯುತ್ತದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ಊರುಗಳಲ್ಲಿ ಕನ್ನಡದಲ್ಲಿ ಉದ್ದಕ್ಕೆ ಬರೆಯುವ ಯಾರಿಗೇ ಆಗಲಿ, ಇವತ್ತು ಇದಕ್ಕಿಂತ ಅಗ್ಗದ ಬರವಣಿಗೆಯ ಯಂತ್ರ ಇಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಆದರೆ ಕೊಳ್ಳುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ, ಅವು ಬಹುಪಾಲು ಕನ್ನಡಕ್ಕೇ ಸಂಬಂಧಿಸಿದವು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಂದರೆಗಳು ಎದುರಾಗುವುದೇ ಇಲ್ಲವಾದ್ದರಿಂದ ಅಂಗಡಿಯವರೂ ಹೇಳುವುದಿಲ್ಲ, ಡಬ್ಬದ ಮೇಲೂ ಬರೆದಿರುವುದಿಲ್ಲ.

ಮೊದಲನೆಯದು ಅಳತೆ. ಕಚೇರಿಯ ಕಂಪ್ಯೂಟರಿನ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್ ಅಂತರ. ಎಂಟು ಇಂಚಿನ ಟ್ಯಾಬ್‌ನ ಉದ್ದದ ಬದಿ ಇಪ್ಪತ್ತು ಸೆಂಟಿಮೀಟರ್‌ನ ಅಕ್ಕಪಕ್ಕ ಇರುತ್ತದೆ. ಅಷ್ಟರೊಳಗೆ ಎಲ್ಲ ಕೀಲಿಗಳನ್ನು ಕೂರಿಸಬೇಕೆಂದರೆ ಅಂತರ 16 ಮಿಲಿಮೀಟರ್‌ಗೆ ಇಳಿಯುತ್ತದೆ. ಮೂರು ಮಿಲಿಮೀಟರ್ ಏನು ಮಹಾ ಅನಿಸಬಹುದು. ಬೆರಳುಗಳಿಗೆ ಅದು ಗೊತ್ತಾಗುತ್ತದೆ, ಒಂದು ವಾರದ ಮಟ್ಟಿಗೆ ತಪ್ಪುಗಳು ಬೀಳುತ್ತವೆ, ಆಮೇಲೆ ಕೈ ಹೊಂದಿಕೊಳ್ಳುತ್ತದೆ. ಕೈ ಹೊಂದಿಕೊಳ್ಳಲಾರದ್ದು ಬೇರೊಂದಿದೆ. ಇನ್ನಷ್ಟು ಜಾಗ ಉಳಿಸಲು ತಯಾರಕರು ಅಕ್ಷರದ ಕೀಲಿಗಳನ್ನು ಮುಟ್ಟುವುದಿಲ್ಲ, ಅಂಚಿನ ಕೀಲಿಗಳನ್ನು ಕಿರಿದು ಮಾಡುತ್ತಾರೆ. ಅರ್ಧವಿರಾಮ, ಉದ್ಧರಣ ಚಿಹ್ನೆ, ಓರೆಗೆರೆ, ಚೌಕ ಆವರಣ ಇವೆಲ್ಲ ಅರ್ಧ ಗಾತ್ರಕ್ಕೆ ಇಳಿಯುತ್ತವೆ, ಇಲ್ಲವೇ ಇನ್ನೊಂದು ಕೀಲಿಯ ಜತೆ ಒತ್ತಿದರೆ ಮಾತ್ರ ಸಿಗುವಂತೆ ಅಡಗಿಕೊಳ್ಳುತ್ತವೆ.

ಇಂಗ್ಲಿಷಿನಲ್ಲಿ ಅವು ಬರಿಯ ಚಿಹ್ನೆಗಳು. ಭಾರತದ ಹಲವು ಲಿಪಿಗಳಿಗೆ ಒಂದೇ ಸಮನಾಗಿ ಕೇಂದ್ರ ಸರ್ಕಾರ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅವು ಅಕ್ಷರಗಳು. ಓರೆಗೆರೆಯ ಕೀಲಿಯಲ್ಲಿ ‘ಯ’, ಅರ್ಧವಿರಾಮದ ಕೀಲಿಯಲ್ಲಿ ‘ಚ’, ಉದ್ಧರಣ ಚಿಹ್ನೆಯ ಕೀಲಿಯಲ್ಲಿ ‘ಟ’, ಚೌಕ ಆವರಣದ ಕೀಲಿಯಲ್ಲಿ ‘ಡ’. ‘ಯ’ ಇಲ್ಲದೆ ಕನ್ನಡದಲ್ಲಿ ಎಷ್ಟು ವಾಕ್ಯ ಬರೆಯಬಹುದು? ‘ಕನ್ನಡ’ ಎಂಬ ಪದ ಬರೆಯಲಿಕ್ಕೇ ‘ಡ’ ಬೇಕು. ಮನೆಯ ದೊಡ್ಡ ಕೀಬೋರ್ಡಿನಲ್ಲಿ ಇನ್‌ಸ್ಕ್ರಿಪ್ಟ್ ಸೊಗಸಾಗಿ ನಡೆಯುತ್ತದೆ. ಸ್ವರಗಳು ಬಹುಪಾಲು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ ಎಂಬ ಅದರ ಹಂಚಿಕೆ ಜಾಣತನದ್ದು. ಪುಟ್ಟ ಕವರಿನಲ್ಲಿ ಅದೇ ಹಂಚಿಕೆ ಬಲಗೈಯ ಕಿರುಬೆರಳನ್ನು ದಣಿಸಿಬಿಡುತ್ತದೆ.

ಇಲ್ಲಿ ನೆನೆಯಬೇಕಾದವರು ಕೆ. ಪಿ. ರಾವ್. 1940ರಲ್ಲಿ ಹುಟ್ಟಿದ, ಮಂಗಳೂರು ಕಡೆಯ ಕಿನ್ನಿಕಂಬಳದ ಪದ್ಮನಾಭ ರಾಯರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಮುಂದೆ ಅಕ್ಷರ ಜೋಡಣೆಯ ಮೊನೊಟೈಪ್ ಕಂಪನಿಯಲ್ಲಿ ದುಡಿದವರು. ಕನ್ನಡವನ್ನು ಕಂಪ್ಯೂಟರಿನಲ್ಲಿ ಬರೆಯಲು ಅವರು ಸಿದ್ಧಪಡಿಸಿದ ತಂತ್ರಾಂಶಕ್ಕೆ ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಅದಕ್ಕೂ ಹಿಂದೆ ಅನಂತಸುಬ್ಬರಾವ್ ಅವರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದ್ದರು. ಅಲ್ಲಿ ಅಕ್ಷರಗಳ ತುಂಡುಗಳನ್ನೇ ಲೋಹದಲ್ಲಿ ಎರಕ ಹೊಯ್ದು ಕಾಗದದ ಮೇಲೆ ಜೋಡಿಸಬೇಕಿತ್ತು, ಕೀಲಿಗಳು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಕೆ. ಪಿ. ರಾಯರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಇಂಗ್ಲಿಷಿನ ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ‘ಎಫ್’ ಕೀಲಿ ಒತ್ತಕ್ಷರದ ಕೊಂಡಿ. ಉಚ್ಚಾರಕ್ಕೆ ಹೊಂದದೆ ಮಿಕ್ಕುಳಿದ ‘ಕ್ಯೂ’ ಕೀಲಿಗೆ ‘ಟ’, ‘ಡಬ್ಲ್ಯೂ’ ಕೀಲಿಗೆ ‘ಡ’, ‘ಎಕ್ಸ್’ ಕೀಲಿಗೆ ‘ಷ’. ಇಡೀ ಕನ್ನಡ ವರ್ಣಮಾಲೆ ಇಪ್ಪತ್ತಾರು ಅಕ್ಷರದ ಕೀಲಿಗಳೊಳಗೆ ಕೂತುಬಿಟ್ಟಿತು. ಅಂಚಿನ ಕೀಲಿ ಒಂದೂ ಬೇಕಿಲ್ಲ.

ಆ ವಿನ್ಯಾಸ ಮಾಡುವಾಗ ಅಂಗೈಯಗಲದ ಕೀಬೋರ್ಡ್ ಕವರ್ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಆದರೂ ಇವತ್ತು ಅಂಥ ಕವರಿಗೆ ಅದಕ್ಕಿಂತ ಒಪ್ಪುವ ಕನ್ನಡ ವಿನ್ಯಾಸ ಇನ್ನೊಂದಿಲ್ಲ. ಕರ್ನಾಟಕ ಸರ್ಕಾರ ಮಾನಕವೆಂದು ಒಪ್ಪಿದ್ದು ಇದನ್ನೇ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ, ಅಂದರೆ ತಹಸೀಲ್ದಾರ್ ಕಚೇರಿಯಿಂದ ಗ್ರಾಮ ಪಂಚಾಯಿತಿಯವರೆಗೆ, ನಡೆಯುವುದು ಇದೇ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಟ್ಯಾಬ್‌ನಲ್ಲಿ ಕೈ ಪಳಗಿಸಿಕೊಂಡ ವಿನ್ಯಾಸವೇ ನಾಳೆ ಕಚೇರಿಯ ಮೇಜಿನ ಮೇಲೂ ಕಾದಿರುತ್ತದೆ, ಕಲಿತದ್ದು ವ್ಯರ್ಥವಾಗುವುದಿಲ್ಲ.

ಎರಡನೆಯದು ಶಿಫ್ಟ್ ಕೀಲಿ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೊಮ್ಮೆ, ಹೆಸರಿನ ಮೊದಲಿಗೊಮ್ಮೆ ಶಿಫ್ಟ್ ಹಿಡಿದರೆ ಮುಗಿಯಿತು. ನಮ್ಮಲ್ಲಿ ದೀರ್ಘಕ್ಕೆ, ಮಹಾಪ್ರಾಣಕ್ಕೆ, ಅನುಸ್ವಾರಕ್ಕೆ, ‘ಣ’ ‘ಳ’ ‘ಶ’ಗಳಿಗೆ ಎಲ್ಲಕ್ಕೂ ಅದೇ ಬೇಕು. ಮೊದಲು ಹೇಳಿದ ನಾಲ್ಕು ತಾಲೂಕುಗಳ ಹೆಸರನ್ನೇ ಬರೆದು ನೋಡೋಣ. ‘ಹಾನಗಲ್ಲ’ಕ್ಕೆ ಏಳು ಒತ್ತು, ಅದರಲ್ಲಿ ಒಂದು ಶಿಫ್ಟ್ ಹಿಡಿದು. ‘ಶಿಗ್ಗಾಂವಿ’ಗೆ ಒಂಬತ್ತು ಒತ್ತು, ಮೂರು ಶಿಫ್ಟ್. ‘ಸವಣೂರು’ ಆರು ಒತ್ತು, ಎರಡು ಶಿಫ್ಟ್. ‘ಹಿರೇಕೆರೂರು’ ಹತ್ತು ಒತ್ತು, ಎರಡು ಶಿಫ್ಟ್. ಒಟ್ಟು 32 ಒತ್ತಿನಲ್ಲಿ 8, ಅಂದರೆ ನಾಲ್ಕರಲ್ಲಿ ಒಂದು. ಹಾಗಿರುವಾಗ ಬಲಬದಿಯ ಶಿಫ್ಟನ್ನು ಗುಂಡಿಯಷ್ಟು ಸಣ್ಣದು ಮಾಡಿ ಬಾಣದ ಕೀಲಿಯ ಪಕ್ಕಕ್ಕೆ ತಳ್ಳಿರುವ ಕವರನ್ನು ಕನ್ನಡದವರು ಕೊಳ್ಳಲೇಬಾರದು. ಕೀಲಿಗೆ ಬಣ್ಣದ ಬೆಳಕಿದೆಯೇ, ಹೊದಿಕೆ ಚರ್ಮದ್ದೇ ಎಂದು ನೋಡುವ ಮೊದಲು ಎರಡೂ ಶಿಫ್ಟ್ ಕೀಲಿಗಳ ಅಗಲ ನೋಡಿ. ಕೆಲವು ಸಾಧನಗಳ ಸೆಟ್ಟಿಂಗ್‌ನಲ್ಲಿ ಶಿಫ್ಟನ್ನು ಹಿಡಿದೇ ಇರುವ ಬದಲು ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ಅನ್ವಯವಾಗುವ ಸೌಕರ್ಯ ಇದೆ. ಅಂಗವಿಕಲರಿಗಾಗಿ ಇಟ್ಟ ಆ ಸೌಕರ್ಯ ಕನ್ನಡ ಬರೆಯುವ ಎಲ್ಲರ ಕಿರುಬೆರಳಿಗೂ ಉಪಕಾರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಬೇಸರದ್ದು. ಟ್ಯಾಬ್‌ನಲ್ಲಿ ಕನ್ನಡ ಇದೆ ಎಂದು ಕೊಳ್ಳುತ್ತೇವೆ. ಕೀಬೋರ್ಡ್ ಜೋಡಿಸಿದ ಕೂಡಲೇ ಅದು ಇಂಗ್ಲಿಷ್ ಬರೆಯತೊಡಗುತ್ತದೆ. ಫೋನಿನಲ್ಲಿ ನಾವು ಬಳಸುವ ಕನ್ನಡ ಕೀಲಿಯ ಆ್ಯಪ್‌ಗಳಲ್ಲಿ ಹಲವು ತೆರೆಯ ಮೇಲಿನ ಒತ್ತಿಗೆ ಮಾತ್ರ ಕನ್ನಡ ಕೊಡುತ್ತವೆ, ಹೊರಗಿನ ಕೀಬೋರ್ಡಿನಿಂದ ಬಂದ ಒತ್ತನ್ನು ಮುಟ್ಟುವುದೇ ಇಲ್ಲ. ಹೊರಗಿನ ಕೀಬೋರ್ಡಿಗೂ ಕನ್ನಡ ಕೊಡುವ ಆ್ಯಪ್ ಹುಡುಕಿ, ಸೆಟ್ಟಿಂಗ್‌ನ ಆಳದಲ್ಲಿರುವ ‘ಭೌತಿಕ ಕೀಬೋರ್ಡ್’ ಎಂಬಲ್ಲಿ ಅದನ್ನು ಆರಿಸಿಕೊಳ್ಳಬೇಕು. ಇಂಗ್ಲಿಷಿಗೂ ಕನ್ನಡಕ್ಕೂ ಜಿಗಿಯುವ ಕೀಲಿ ಯಾವುದೆಂದು ತಿಳಿದುಕೊಳ್ಳಬೇಕು. ಇದು ಆಗುವವರೆಗೆ ಕವರ್ ಬರಿಯ ಹೊದಿಕೆ. ಆದ್ದರಿಂದ ಅಂಗಡಿಯಲ್ಲೇ, ದುಡ್ಡು ಕೊಡುವ ಮುನ್ನವೇ, ನಿಮ್ಮ ಟ್ಯಾಬ್‌ಗೆ ಅದನ್ನು ಜೋಡಿಸಿ ನಿಮ್ಮೂರಿನ ಹೆಸರು ಬರೆದು ನೋಡಿ. ತರಿಸಿಕೊಳ್ಳುವುದಾದರೆ ಹಿಂದಿರುಗಿಸುವ ಅವಧಿಯೊಳಗೆ ಈ ಪರೀಕ್ಷೆ ಮುಗಿಸಿ.

ಇಷ್ಟೆಲ್ಲ ತಾಪತ್ರಯ ಯಾಕೆ, ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದಲ್ಲ ಎಂದು ಕೇಳುವವರಿದ್ದಾರೆ. ಚಿಕ್ಕ ಸಂದೇಶಕ್ಕೆ ಅದು ಸಾಕು. ಆದರೆ ಧ್ವನಿಯಿಂದ ಬರೆಯುವ ವ್ಯವಸ್ಥೆ ಕಲಿತದ್ದು ಪುಸ್ತಕದ ಕನ್ನಡವನ್ನು. ನಮ್ಮ ಕಡೆಯವರು ‘ಬಂದಾನ’ ‘ಹೋಗ್ಯಾಳ’ ಎಂದರೆ ಅದನ್ನು ತನಗೆ ತಿಳಿದ ಇನ್ನಾವುದೋ ಪದಕ್ಕೆ ತಿದ್ದಿಬಿಡುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇದು ಸಣ್ಣ ಸಂಗತಿಯಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ 2011ರಲ್ಲಿ ಶುರುವಾಯಿತು. ಜಾನಪದಕ್ಕೆಂದೇ ಮೀಸಲಾದ ವಿಶ್ವವಿದ್ಯಾಲಯ ಹೆದ್ದಾರಿಯ ಪಕ್ಕದ ಒಂದು ಹಳ್ಳಿಯಲ್ಲಿದೆ. ಅಲ್ಲಿ ಓದುವವರ ಅರ್ಧ ಪಾಠ ಹಳ್ಳಿಗಳಲ್ಲೇ. ಸೋಬಾನೆ, ಬೀಸುವ ಪದ, ಗೀಗೀ ಪದ, ತತ್ವಪದ ಬಲ್ಲವರ ಮನೆ ಜಗಲಿಯಲ್ಲಿ ಕೂತು ಕೇಳಬೇಕು, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಡಬೇಕು. ಹಾಡಿನಲ್ಲಿ ‘ಹೊಂಟಾಳ’ ಎಂದಿದ್ದರೆ ಬರಹದಲ್ಲೂ ‘ಹೊಂಟಾಳ’ ಇರಬೇಕು, ‘ಹೊರಟಿದ್ದಾಳೆ’ ಎಂದಾದರೆ ಹಾಡಿನ ಲಯವೇ ಸತ್ತಿತು. ಕೀಬೋರ್ಡ್ ಬೆರಳು ಹೇಳಿದ್ದನ್ನು ಬರೆಯುತ್ತದೆ, ತಿದ್ದುವುದಿಲ್ಲ. ಸ್ವಯಂ ತಿದ್ದುಪಡಿಯನ್ನು ಆಫ್ ಮಾಡಿಟ್ಟರಂತೂ ಉಪಭಾಷೆ ಇದ್ದಂತೆ ಉಳಿಯುತ್ತದೆ.

ಹಾಡನ್ನು ಧ್ವನಿಮುದ್ರಿಸಿಕೊಂಡು ಆಮೇಲೆ ಬರೆದರಾಯಿತು ಎನ್ನಬಹುದು. ಧ್ವನಿಮುದ್ರಣ ಬೇಕೇ ಬೇಕು. ಆದರೆ ‘ಯವ್ವಾ, ಈ ಮಾತಂದ್ರ ಏನ್ರೀ?’ ಎಂದು ಕೇಳಲು ಸಾಧ್ಯವಿರುವುದು ಹಾಡಿದವರು ಎದುರಿಗೆ ಇದ್ದಾಗ ಮಾತ್ರ. ಬರೆದದ್ದನ್ನು ಓದಿ ಹೇಳಿದಾಗ ಅವರೇ ತಪ್ಪು ತೋರಿಸುತ್ತಾರೆ, ಬಿಟ್ಟುಹೋದ ನುಡಿ ನೆನಪಿಸಿಕೊಂಡು ಸೇರಿಸುತ್ತಾರೆ. ಶಿಗ್ಗಾಂವಿ ತಾಲೂಕಿನದೇ ಆದ ಶಿಶುವಿನಹಾಳದ ಶರೀಫರು 1819ರಿಂದ 1889ರವರೆಗೆ ಬಾಳಿದವರು. ಅವರ ಪದಗಳು ನಮಗೆ ಉಳಿದದ್ದು ಭಜನೆಯವರ ಬಾಯಲ್ಲಿ. ಹಾಡಿದವರಿಂದ ಹಾಡಿದವರಿಗೆ ಬರುವಾಗ ಪಾಠಗಳು ಬೇರೆಬೇರೆಯಾದವು, ಕೆಲವು ನುಡಿಗಳು ಕಳೆದೇಹೋದವು. ಮಡಿಲಲ್ಲಿ ಇಟ್ಟುಕೊಂಡು ಎದುರಿಗೇ ಬರೆದು, ಓದಿ ತೋರಿಸಿ, ಒಪ್ಪಿಗೆ ಪಡೆಯಲು ಲ್ಯಾಪ್‌ಟಾಪ್ ಭಾರ. ಅದನ್ನು ತೆರೆದಿಟ್ಟರೆ ನಡುವೆ ಗೋಡೆ ಎದ್ದಂತಾಗಿ ಹಾಡುವವರು ಮುದುಡುತ್ತಾರೆ. ಪುಟ್ಟ ಟ್ಯಾಬ್‌ಗೆ ಆ ತೊಂದರೆ ಇಲ್ಲ, ಅದನ್ನು ಅವರ ಕಡೆಗೂ ತಿರುಗಿಸಿ ಅಕ್ಷರ ದೊಡ್ಡದು ಮಾಡಿ ತೋರಿಸಬಹುದು.

ಹಾನಗಲ್ಲಿನಲ್ಲಿ, ಹಿರೇಕೆರೂರಿನಲ್ಲಿ ಇನ್ನೊಂದು ಬಗೆಯ ಕೆಲಸ ಕಾದಿದೆ. ಹಾನಗಲ್ಲು ಶಾಸನಗಳ ಪಾನುಂಗಲ್. ಕದಂಬರ ಒಂದು ಶಾಖೆ ಆಳಿದ ನೆಲ, ತಾರಕೇಶ್ವರ ಗುಡಿಯ ಕಮಲದ ಭುವನೇಶ್ವರಿ ಚಾವಣಿ ಇರುವ ಊರು. ಹಿರೇಕೆರೂರು ಕಡೆಯ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕತೆ ಹೇಳುವ ಶಾಸನವಿದೆ. ಅದನ್ನು ಜೆ. ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೇ ಸಂಪುಟದಲ್ಲಿ ಪ್ರಕಟಿಸಿದರು. ಪ್ರಕಟವಾದವು ಒಂದು ಕಡೆ, ಕೆರೆ ದಂಡೆಯಲ್ಲಿ, ಹನುಮಪ್ಪನ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಸುಣ್ಣ ಬಳಿಸಿಕೊಂಡು ನಿಂತ ವೀರಗಲ್ಲುಗಳು, ಮಾಸ್ತಿಕಲ್ಲುಗಳು ಇನ್ನೊಂದು ಕಡೆ. ಊರ ಮೇಷ್ಟ್ರು, ಇತಿಹಾಸದ ಗೀಳಿನ ರೈತರು ಇವನ್ನು ಓದಿ ಬರೆದುಕೊಳ್ಳುತ್ತಾರೆ. ಶಾಸನದ ಸಾಲನ್ನು ಕಲ್ಲಿನೆದುರೇ ಬರೆಯುವುದು ಒಳ್ಳೆಯದು. ಬೆಳಕು ಓರೆಯಾದಾಗ ಕಂಡ ಅಕ್ಷರ ಫೋಟೋದಲ್ಲಿ ಕಾಣದಿರಬಹುದು.

ಹಳಗನ್ನಡದ ಶಾಸನಕ್ಕೆ ಎರಡು ಅಕ್ಷರ ಹೆಚ್ಚು ಬೇಕು, ‘ಱ’ ಮತ್ತು ‘ೞ’. ಎರಡೂ ಯೂನಿಕೋಡ್‌ನಲ್ಲಿವೆ. ‘ೞ’ಕ್ಕೆ ಮಾತ್ರ ಅಲ್ಲಿ ‘ಎಫ್‌ಎ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮವಾದ್ದರಿಂದ ಅದು ಹಾಗೇ ಉಳಿದುಕೊಂಡಿದೆ. ಹುಡುಕುವವರು ಆ ಹೆಸರಿನಲ್ಲೇ ಹುಡುಕಬೇಕು. ನಿತ್ಯದ ಕೀಲಿಗಳಲ್ಲಿ ಇವು ಸುಲಭಕ್ಕೆ ಸಿಗದಿದ್ದರೆ ಒಂದು ಉಪಾಯ ಇದೆ. ಟ್ಯಾಬ್‌ನ ಸೆಟ್ಟಿಂಗ್‌ನಲ್ಲಿ ‘ವೈಯಕ್ತಿಕ ನಿಘಂಟು’ ಎಂಬಲ್ಲಿಯೋ ಟಿಪ್ಪಣಿಯ ಕಡತದ ಮೊದಲ ಸಾಲಿನಲ್ಲಿಯೋ ಎರಡೂ ಅಕ್ಷರಗಳನ್ನು ಇಟ್ಟುಕೊಂಡು ಬೇಕಾದಾಗ ನಕಲು ಮಾಡಿ ಅಂಟಿಸುವುದು. ಎರಡು ಪದಭಾಗಗಳು ಅಂಟಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಚಿಹ್ನೆಗೂ ಇದೇ ಉಪಾಯ ಸಾಕು. ‘ಬ್ಲೂಟೂತ್‌ನಲ್ಲಿ’ ಎಂದು ಬರೆಯಹೋಗಿ ‘ಬ್ಲೂಟೂತ್ನಲ್ಲಿ’ ಆಗುವುದು ಆ ಚಿಹ್ನೆ ಇಲ್ಲದ್ದರಿಂದ. ಒಂದೊಂದು ಆ್ಯಪ್ ಅದನ್ನು ಒಂದೊಂದು ಕಡೆ ಇಟ್ಟಿದೆ.

ತಾಲೂಕು ಕೇಂದ್ರದ ಪತ್ರಿಕಾ ವರದಿಗಾರರ ಕತೆ ಹೇಳದಿದ್ದರೆ ಲೇಖನ ಅಪೂರ್ಣ. ಸುದ್ದಿಯನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಹುಬ್ಬಳ್ಳಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ತುರ್ತಿಗೆ ಟೆಲಿಗ್ರಾಂ ಇತ್ತು. ಅದು 2013ರ ಜುಲೈಯಲ್ಲಿ ನಿಂತೇಹೋಯಿತು. ಅದಕ್ಕೂ ಮೊದಲೇ ಫ್ಯಾಕ್ಸ್ ಬಂದಿತ್ತು, ಆಮೇಲೆ ಬಸ್ ನಿಲ್ದಾಣದ ಎದುರಿನ ಡಿಟಿಪಿ ಅಂಗಡಿಯಲ್ಲಿ ನುಡಿ. ಈಗ ಫೋನು, ಹೆಬ್ಬೆರಳು. ಹೆಬ್ಬೆರಳಲ್ಲಿ ಬರೆದ ಸುದ್ದಿ ನಾಲ್ಕು ಸಾಲಿಗೆ ನಿಲ್ಲುತ್ತದೆ. ಸವಣೂರಿನ ಎಲೆಬಳ್ಳಿ ತೋಟದವರ ಸಂಕಟವನ್ನು, ಹಾನಗಲ್ಲಿನ ಮಾವು ಬೆಳೆಗಾರರ ಲೆಕ್ಕವನ್ನು, ಹಿರೇಕೆರೂರಿನ ಗೋವಿನಜೋಳದ ಬೆಲೆಯನ್ನು ಹೇಳಲು ನಾಲ್ಕು ಸಾಲು ಸಾಲದು. ಊರಿನ ಸುದ್ದಿ ಸಣ್ಣದಾಗುತ್ತ ಹೋದದ್ದಕ್ಕೆ ಸಾಧನವೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ. ಹತ್ತೂ ಬೆರಳಿಗೆ ಕೆಲಸ ಸಿಕ್ಕರೆ ಬರವಣಿಗೆ ತಾನಾಗಿ ಉದ್ದವಾಗುತ್ತದೆ. ತಾಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವವರಿಗೆ, ಸ್ತ್ರೀಶಕ್ತಿ ಸಂಘದ ಠರಾವು ಬರೆಯುವ ಅಕ್ಕಂದಿರಿಗೆ ಇದೇ ಮಾತು ಹೇಳಬಲ್ಲೆ. ಸಂಘದ ಸಭೆ ನಡೆಯುವಲ್ಲೇ ಬರೆದು, ಅಲ್ಲೇ ಎಲ್ಲರಿಗೂ ಓದಿ ಹೇಳಿ, ಬ್ಯಾಂಕಿಗೆ ಬೇಕಾದ ಪ್ರತಿಯನ್ನು ಝೆರಾಕ್ಸ್ ಅಂಗಡಿಯ ಪ್ರಿಂಟರಿಗೆ ಕಳಿಸಿದರಾಯಿತು.

ಬಳಕೆಯ ಮಾತು ಒಂದೆರಡು. ಕರೆಂಟು ಹೋದರೆ ಹೆದರಬೇಕಿಲ್ಲ, ಈ ಕೀಬೋರ್ಡುಗಳು ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತವೆ. ಆದರೆ ತಿಂಗಳುಗಟ್ಟಲೆ ಖಾಲಿ ಬಿಟ್ಟು ಮೂಲೆಯಲ್ಲಿ ಇಟ್ಟರೆ ಬ್ಯಾಟರಿ ಕೆಡುತ್ತದೆ. ನಮ್ಮ ಶತ್ರು ಧೂಳು. ಸುಗ್ಗಿಯಲ್ಲಿ ಜೋಳದ ಹೊಟ್ಟು, ರಸ್ತೆ ಬದಿಯ ಕೆಂಪು ಮಣ್ಣು ಕೀಲಿಯ ಅಡಿಗೆ ಇಳಿದರೆ ಒಂದು ಅಕ್ಷರ ಎರಡೆರಡು ಬಾರಿ ಬೀಳುತ್ತದೆ. ಕವರ್ ಮುಚ್ಚಿಡಿ, ಮೆತ್ತನೆಯ ಬ್ರಷ್ಷಿನಿಂದ ಆಗಾಗ ಒರೆಸಿ. ಬಸ್ಸಿನ ಸೀಟಿನಲ್ಲಿ ಮಡಿಲ ಮೇಲೆ ಇಟ್ಟು ಬರೆಯುವ ಆಸೆ ಇದ್ದರೆ ಟ್ಯಾಬನ್ನು ಬಿಗಿಯಾಗಿ ಹಿಡಿಯುವ ಕೀಲಿನ ಕವರ್ ಆರಿಸಿ. ಹಿಂದೆ ಮಡಚಿ ನಿಲ್ಲಿಸುವ ಆಸರೆ ಮೇಜಿಗೆ ಸರಿ, ಮಡಿಲಿಗೆ ಅಲ್ಲ. ಕೀಲಿಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿರುವುದಿಲ್ಲ. ಅದರ ಅಂಟುಚೀಟಿ ಹುಡುಕುತ್ತ ಅಲೆಯುವ ಬದಲು ವಿನ್ಯಾಸದ ಒಂದು ಪುಟವನ್ನು ಪ್ರಿಂಟ್ ಹಾಕಿಸಿ ಕವರಿನ ಒಳಗೆ ಇಟ್ಟುಕೊಳ್ಳಿ. ಉಚ್ಚಾರಕ್ಕೆ ಹೊಂದುವ ವಿನ್ಯಾಸವಾದ್ದರಿಂದ ಹದಿನೈದು ದಿನದಲ್ಲಿ ಆ ಪುಟ ಬೇಡವಾಗುತ್ತದೆ.

ಇನ್ನು ಸರ್ಕಾರಕ್ಕೆ ಒಂದು ಕೋರಿಕೆ. ಮುಂದೆ ವಿದ್ಯಾರ್ಥಿಗಳಿಗೆ, ಗ್ರಂಥಾಲಯಗಳಿಗೆ, ಅಂಗನವಾಡಿಯವರಿಗೆ ಯಾರಿಗೇ ಟ್ಯಾಬ್ ಕೊಡಲಿ, ಟೆಂಡರಿನ ಷರತ್ತಿನಲ್ಲಿ ಎರಡು ಸಾಲು ಸೇರಿಸಬೇಕು: ಜತೆಗೆ ಕೀಬೋರ್ಡ್ ಕವರ್ ಇರಬೇಕು, ಮತ್ತು ಅದನ್ನು ಜೋಡಿಸಿದ ಕೂಡಲೇ ಸರ್ಕಾರವೇ ಮಾನ್ಯ ಮಾಡಿರುವ ವಿನ್ಯಾಸದಲ್ಲಿ ಕನ್ನಡ ಬರಬೇಕು. ಅಲ್ಲಿಯವರೆಗೆ, 2021ರ ಟ್ಯಾಬ್ ಮನೆಯ ಕಪಾಟಿನಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಹೊರತೆಗೆಯಿರಿ, ಅದರ ಅಳತೆಗೆ ಹೊಂದುವ ಕವರ್ ನೋಡಿ, ಎರಡೂ ಶಿಫ್ಟ್ ಕೀಲಿ ಅಗಲವಾಗಿದ್ದರೆ ಮಾತ್ರ ಕೊಳ್ಳಿರಿ.